ಬುಧವಾರ ಬರುತ್ತೇನೆಂದವಳು

ಜ್ವರ ಬರುವುದಕ್ಕೆ ಇನ್ನೂ ಒಂದಿಷ್ಟು ಹೊತ್ತಿದೆ ಎಂದು ಅಂದಾಜು ಮಾಡಿಕೊಂಡು ಭದ್ರಮ್ಮ ನಡುಮನೆಯ ಗೋಡೆಯ ಬುಡಕ್ಕೆ ಕೆಮ್ಮಣ್ಣು ಬಳಿಯುತ್ತಿದ್ದಳು. ಹಿತ್ತಿಲ ಬಾಗಿಲಿನಿಂದ ಒಳಗೆ ಬಿದ್ದ ಬಿಸಿಲು ಒರಳಿನ ಅಂಚಿಗೆ ಬಂದರೆ ಜ್ವರ ಊರಿನ ಎಲ್ಲೆಗೆ ಬಂದಿದೆ ಎಂದು ಲೆಕ್ಕ. ಒರಳನ್ನು ದಾಟಿದರೆ ಬಾಗಿಲಿಗೇ ಬಂತು. ದಿನ ಬಿಟ್ಟು ದಿನ, ಹೊತ್ತು ತಪ್ಪದೆ ಈ ಮನೆಗೆ ಬರುವ ನೆಂಟರು ಬೇರೆ ಯಾರಿದ್ದಾರೆ ಎಂದುಕೊಂಡು ಅವಳಿಗೆ ನಗು ಬಂತು. ಹೊಸ ಅಗ್ರಹಾರದಿಂದ ತವರಿನವರು ಬಂದು ಎರಡು ವರ್ಷವಾಗಿತ್ತು. ಈ ಕಡೆಗೆ ಬಂದರೆ ತಮಗೂ ಚಳಿಜ್ವರ ಅಂಟೀತೆಂದು ಅಣ್ಣ ಅಂತರಸಂತೆಯ ತನಕ ಬಂದು, ಅಲ್ಲಿಂದಲೇ ಯಾರದೋ ಕೈಯಲ್ಲಿ ಒಂದು ಬುಟ್ಟಿ ಬೆಲ್ಲ ಕೊಟ್ಟು ಕಳಿಸಿ ಹಿಂದಿರುಗಿದ್ದ. ಆ ಬೆಲ್ಲವನ್ನು ಅತ್ತೆ ಕೆಂಪಾಜಮ್ಮ ಮೂಸಿ ನೋಡಿ, ನಿನ್ನ ಅಣ್ಣನಂತೆಯೇ ಇದೂ ಪುಕ್ಕಲು ಬೆಲ್ಲ, ಪಾಕ ಗಟ್ಟಿಯಾಗುವುದಿಲ್ಲ ಎಂದಿದ್ದಳು. ಪಾಕ ಗಟ್ಟಿಯಾಗಲೂ ಇಲ್ಲ. ಅತ್ತೆಯ ಮಾತುಗಳಲ್ಲಿ ಭದ್ರಮ್ಮನಿಗೆ ಸಿಟ್ಟು ಬರುತ್ತಿದ್ದುದು ಇದೇ, ಅವು ನಿಜವಾಗಿಬಿಡುತ್ತಿದ್ದವು. ಬೆರಳ ತುದಿಗಳು ತಣ್ಣಗಾಗುತ್ತಿದ್ದುದು ಕೆಮ್ಮಣ್ಣಿನ ನೀರಿನಿಂದಲೋ ಬೇರೆ ಯಾವುದರಿಂದಲೋ ಎಂದು ಅನುಮಾನವಾಗಿ ತಿರುಗಿ ನೋಡಿದರೆ ಬಿಸಿಲು ಒರಳನ್ನು ಹತ್ತಿ ಇಳಿದಾಗಿತ್ತು. ಅವಳು ಕೈ ತೊಳೆಯದೆಯೇ ಎದ್ದು, ಎಮ್ಮೆಗೆ ಹುಲ್ಲು ಹಿರಿದು ತರುತ್ತೇನೆ ಎಂದು ಯಾರೂ ಇಲ್ಲದ ಮನೆಗೆ ಹೇಳಿ, ಹಿತ್ತಿಲ ಹುಲ್ಲಿನ ಮೆದೆಯ ಸಂದಿಗೆ ಹೋದಳು.

ಆ ಸಂದಿಯಲ್ಲಿ ಮೂರು ಗೋಣಿತಾಟು, ಒಂದು ಹರಕು ಕಂಬಳಿ, ಒಂದು ಮಡಕೆ ನೀರು ಇದ್ದವು. ಎರಡು ತಿಂಗಳಿನಿಂದ ಅದು ಅವಳ ಇನ್ನೊಂದು ಸಂಸಾರ. ಆಷಾಢದಲ್ಲಿ ದವಾಖಾನೆಯಿಂದ ಕಹಿ ಗುಳಿಗೆ ತರಿಸಿಕೊಂಡು ನುಂಗಿ, ಎಂಟು ದಿನ ಜ್ವರ ಬರದೆ ಇದ್ದಾಗ, ಇನ್ನು ಬಿಟ್ಟೇಹೋಯಿತು ಎಂದು ಬೀದಿಗೆಲ್ಲ ಸಾರಿಬಿಟ್ಟಿದ್ದಳು. ಬಾಯಿ ಸುಮ್ಮನಿರಬಾರದಿತ್ತೆ? ಒಂಬತ್ತನೆಯ ದಿನ ಜ್ವರ ಬಂದಾಗ ಅದಕ್ಕಿಂತ ಹೆಚ್ಚಾಗಿ ನಾಚಿಕೆ ಬಂತು. ನಾಚಿಕೆಗೆ ಗುಳಿಗೆ ಇರಲಿಲ್ಲ, ಅದಕ್ಕೆ ಹುಲ್ಲಿನ ಮೆದೆಯೇ ಮದ್ದು. ಹಲ್ಲು ಕಟಕಟ ಎನ್ನುವ ಸದ್ದು ಹೊರಗೆ ಕೇಳಬಾರದೆಂದು ಸೆರಗಿನ ಚುಂಗನ್ನು ಕಚ್ಚಿಕೊಂಡು, ಮೊಣಕಾಲನ್ನು ಗದ್ದಕ್ಕೆ ತಂದುಕೊಂಡು, ನಡುಗುವಷ್ಟು ನಡುಗಿ, ಆಮೇಲೆ ಕೆಂಡವಾಗುವಷ್ಟು ಆಗಿ, ಬೆವರಿ, ಸಂಜೆಗೆ ಒಂದು ಹೊರೆ ಹುಲ್ಲು ಹೊತ್ತುಕೊಂಡು ಒಳಗೆ ಬರುವುದು. ಎಮ್ಮೆ ಮಾತ್ರ ಈ ಎರಡು ತಿಂಗಳಲ್ಲಿ ಮೈ ತುಂಬಿಕೊಂಡಿತ್ತು. ಗಂಡ ಚೆಲುವಯ್ಯ ಹೊಲದಿಂದ ಬಂದು ಅದರ ಬೆನ್ನು ತಟ್ಟಿ, ಹೆಂಡತಿಯನ್ನು ಮೆಚ್ಚುಗೆಯಿಂದ ನೋಡುತ್ತಿದ್ದ.

ಇಷ್ಟೆಲ್ಲ ಪಾಡು ಹಿರಿಯರ ಹಬ್ಬದ ಒಂದು ಎಡೆಗಾಗಿ. ಮಹಾಲಯದ ಹದಿನೈದು ದಿನಗಳಲ್ಲಿ ಒಂದು ದಿನ ಮನೆಯ ಸತ್ತವರಿಗೆಲ್ಲ ಅಡುಗೆ ಮಾಡಿ, ಬಾಳೆಲೆಯ ಮೇಲೆ ಬಡಿಸಿ, ಹೊಸ ಬಟ್ಟೆ ಇಟ್ಟು, ಅವರು ನೆಮ್ಮದಿಯಾಗಿ ಉಣ್ಣಲೆಂದು ಬಾಗಿಲು ಮುಚ್ಚಿಕೊಂಡು ಹೊರಗೆ ಕೂರುವುದು. ಆ ಅಡುಗೆಯನ್ನು ಹಿರಿಯ ಸೊಸೆ ಮಿಂದು, ಉಪವಾಸವಿದ್ದು, ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸದೆ ಮಾಡಬೇಕು. ಆ ತಿಂಗಳಲ್ಲಿ ಜ್ವರದಿಂದ ಮಲಗಿ ಎದ್ದವಳು ಆ ಒಲೆ ಮುಟ್ಟುವಂತಿಲ್ಲ. ಈ ಕೊನೆಯ ಮಾತು ಊರಿನಲ್ಲಿ ಬೇರೆ ಯಾವ ಮನೆಯಲ್ಲೂ ಇರಲಿಲ್ಲ. ಅದು ಕೆಂಪಾಜಮ್ಮನ ಸ್ವಂತ ಕಾನೂನು, ಭದ್ರಮ್ಮ ಮದುವೆಯಾಗಿ ಬಂದ ಎರಡನೆಯ ವರ್ಷ ಹುಟ್ಟಿದ್ದು. ಹದಿನಾರು ಹಬ್ಬಗಳಲ್ಲಿ ಭದ್ರಮ್ಮ ನೀರು ಹೊತ್ತಳು, ಕಟ್ಟಿಗೆ ಹೊತ್ತಳು, ಕಜ್ಜಾಯದ ಅಕ್ಕಿ ಕುಟ್ಟಿದಳು. ಒಲೆಯ ಮುಂದೆ ಕೂತವಳು ಅತ್ತೆ, ಪಕ್ಕದಲ್ಲಿ ಕಜ್ಜಾಯ ತಟ್ಟಿದವಳು ಮೈದುನನ ಹೆಂಡತಿ ಪುಟ್ಟಸಿದ್ದಮ್ಮ. ಈ ವರ್ಷ ಅತ್ತೆಯೇ ಎಲೆಯ ಆಚೆ ಕಡೆಗೆ ಹೋಗಿದ್ದಳು. ಅವಳಿಗೆ ಇದು ಮೊದಲ ಎಡೆ. ಅದನ್ನು ತನ್ನ ಕೈಯಿಂದಲೇ ಮಾಡಿ, ಉಣ್ಣು, ನೀನೇ ಅನ್ನುತ್ತಿದ್ದೆಯಲ್ಲ, ಆ ಹಾಸಿಗೆ ಹುಡುಕುವ ಸೊಂಟದವಳು ಮಾಡಿದ್ದನ್ನು ಉಣ್ಣು ಎಂದು ಬಡಿಸಬೇಕೆಂಬುದು ಭದ್ರಮ್ಮನ ಆಸೆ. ಇದು ಭಕ್ತಿಯಲ್ಲ, ಹಟ ಎಂದು ಅವಳಿಗೆ ಗೊತ್ತಿತ್ತು. ಗೋಣಿತಾಟಿನ ಕೆಳಗೆ ನಡುಗುತ್ತಾ, ಸತ್ತವಳ ಮೇಲೆ ಹಟ ಸಾಧಿಸುವುದಕ್ಕೆ ಇಷ್ಟೊಂದು ಹುಲ್ಲು ಹೊರುವವಳು ಈ ಸೀಮೆಯಲ್ಲಿ ತಾನೊಬ್ಬಳೇ ಇರಬೇಕು ಎಂದುಕೊಂಡಳು.

ಅವತ್ತು ಶುಕ್ರವಾರ. ಸಂಜೆ ಮೈದುನ ತಿಮ್ಮಯ್ಯ ಪಡಸಾಲೆಗೆ ಬಂದು ಕೂತ. ಅಣ್ಣತಮ್ಮಂದಿರು ಬೇರೆಯಾಗಿದ್ದರೂ ಎಡೆ ದೊಡ್ಡ ಮನೆಯಲ್ಲೇ. ಭಾನುವಾರ ಮಾಡಿಬಿಡೋಣ, ಅತ್ತಿಗೆಗೆ ಆಯಾಸವಾಗುವುದಾದರೆ ನಮ್ಮ ಮನೆಯಲ್ಲೇ ಆಗಲಿ, ನಮ್ಮವಳು ಆಗಲೇ ಅಕ್ಕಿ ನೆನೆಹಾಕಲು ತಯಾರಾಗಿದ್ದಾಳೆ ಎಂದ. ಪುಟ್ಟಸಿದ್ದಮ್ಮ ಬಾಗಿಲ ಮರೆಯಲ್ಲಿ ನಿಂತು, ಅಕ್ಕನ ಮುಖ ಯಾಕೋ ಬಾಡಿದೆ ಎಂದಳು. ಅವಳ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೆಟ್ಟದ್ದಿದ್ದರೆ ಭದ್ರಮ್ಮನಿಗೆ ಎಷ್ಟೋ ಸಲೀಸಾಗುತ್ತಿತ್ತು. ಅವಳು ಬೆನ್ನ ಹಿಂದೆ ಬೆರಳು ಮಡಚಿದಳು. ಇವತ್ತು ಬಂದದ್ದು ಭಾನುವಾರ ಬರುತ್ತದೆ, ಮಂಗಳವಾರ ಬರುತ್ತದೆ, ಅಮಾವಾಸ್ಯೆಯ ಗುರುವಾರ ಬರುತ್ತದೆ. ನಾಳೆ ಶನಿವಾರ, ಸೋಮವಾರ ಶಿವನ ವಾರ, ಎರಡು ದಿನವೂ ಕೋಳಿ ಕುಯ್ಯುವಂತಿಲ್ಲ. ಜ್ವರಕ್ಕೂ ದೇವರಿಗೂ ನಡುವೆ ಅವಳಿಗೆಂದು ಉಳಿದದ್ದು ಬುಧವಾರ ಒಂದೇ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು, ಬಾಯಿಗೆ ಬಂದದ್ದು ಬಂದುಬಿಟ್ಟಿತು.

"ರಾತ್ರಿ ಅತ್ತೆ ಕನಸಲ್ಲಿ ಬಂದಿದ್ರು. ಬುಧವಾರ ಬತ್ತೀನಿ, ಒಲೆ ನೀನೇ ಹಚ್ಚು ಅಂದ್ರು."

ಹೇಳಿ ಮುಗಿಸುವಷ್ಟರಲ್ಲೇ ಅವಳ ಕಿವಿ ಬಿಸಿಯಾಯಿತು. ಕೆಂಪಾಜಮ್ಮ ಬದುಕಿದ್ದಾಗ ಅಂಥ ಮಾತನ್ನು ಆಡುವ ಹೆಂಗಸಲ್ಲ ಎಂದು ಮನೆಯ ದನಕ್ಕೂ ಗೊತ್ತು. ಆದರೆ ಸತ್ತವರು ಒಳ್ಳೆಯವರಾಗುವುದನ್ನು ಯಾರೂ ಅನುಮಾನಿಸುವುದಿಲ್ಲ. ತಿಮ್ಮಯ್ಯ ಹೆಗಲ ಮೇಲಿನ ವಸ್ತ್ರ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಪುಟ್ಟಸಿದ್ದಮ್ಮ ಹತ್ತಿರ ಬಂದು, ಅತ್ತೆ ಯಾವ ಸೀರೆ ಉಟ್ಟಿದ್ದರು ಎಂದು ಪಿಸುಗುಟ್ಟಿದಳು. ಕೇಳಿದ ಮೇಲೆ ಹೇಳದೆ ಇರಲಾಗುತ್ತದೆಯೇ, ಹಸಿರು ಎಂದಳು ಭದ್ರಮ್ಮ. ಸತ್ತ ತಿಂಗಳು ಅತ್ತೆ ಹಸಿರು ಸೀರೆ ಬೇಕೆಂದು ತನ್ನ ಹತ್ತಿರ ಅಂದಿದ್ದಳೆಂದು ಪುಟ್ಟಸಿದ್ದಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಭದ್ರಮ್ಮನಿಗೆ ಮೈಯೆಲ್ಲ ಜುಮ್ಮೆಂದಿತು. ಜುಮ್ಮೆಂದದ್ದರಲ್ಲಿ ಅರ್ಧ ಹೆದರಿಕೆ, ಇನ್ನರ್ಧ ಮಾತ್ರ ಒಳ್ಳೆಯ ಸುಳ್ಳು ಹೇಳಿದ ಹೆಮ್ಮೆ. ಶನಿವಾರ ನೀರಿಗೆ ಹೋದಾಗ ಮೂರನೆಯ ಮನೆಯ ಮಂಗಳಮ್ಮ ಬಿಂದಿಗೆ ಇಳಿಸಿ ಕನಸನ್ನು ಮೊದಲಿನಿಂದ ಹೇಳೆಂದಳು. ಭದ್ರಮ್ಮ ಹೇಳಿದಳು, ಹೇಳುತ್ತಾ ಹೇಳುತ್ತಾ ಅತ್ತೆ ಕನಸಿನಲ್ಲಿ ತನ್ನ ತಲೆ ಸವರಿದಳು ಎಂದೂ ಸೇರಿಸಿದಳು. ಆ ಮಾತನ್ನು ಮಂಗಳಮ್ಮ ಕೂಡ ನುಂಗಲಾರದೆ ಬಿಂದಿಗೆ ಎತ್ತಿಕೊಂಡು ಹೊರಟುಹೋದಳು.

ಬದುಕಿದ್ದಾಗ ಅತ್ತೆ ತಲೆ ಸವರಿದ್ದು ಒಂದೇ ಸಲ, ಅದೂ ಹೇನು ನೋಡುವುದಕ್ಕೆ. ಜ್ವರವೆಂದು ಮಲಗಿದರೆ ಕೆಂಪಾಜಮ್ಮ ಹೊಸಲಿನ ಮೇಲೆ ಕೂತು, ಕೋಟೆ ಸೀಮೆಯಲ್ಲಿ ಎಲ್ಲರಿಗೂ ಮೂಗು ಇದ್ದ ಹಾಗೆ ಜ್ವರವೂ ಇರುತ್ತದೆ, ಮೂಗು ಇದೆ ಎಂದು ಯಾರಾದರೂ ಮಲಗುತ್ತಾರೆಯೇ ಎಂದು ಹಾದುಹೋಗುವವರನ್ನು ಕೇಳುತ್ತಿದ್ದಳು. ತಾನೂ ಜ್ವರದಲ್ಲೇ ರಾಗಿ ಬೀಸಿದವಳು. ಪುಷ್ಯಮಾಸದಲ್ಲಿ ಅವಳೇ ಮಲಗಿದಾಗ ಭದ್ರಮ್ಮ ಒಂದು ದಿನ ಅವಳನ್ನು ನೋಡಿಕೊಂಡು ಮರುದಿನ ಅವಳ ಪಕ್ಕದಲ್ಲೇ ನಡುಗುತ್ತಾ ಬಿದ್ದುಕೊಂಡಳು. ಇಬ್ಬರಿಗೂ ಒಂದೇ ಕಂಬಳಿ. ಆಗ ಚೆಲುವಯ್ಯ ಕಾಕನಕೋಟೆಯಲ್ಲಿದ್ದ, ಕಾಡಾನೆ ಹಿಡಿಯುವ ಖೆಡ್ಡಾಕ್ಕೆ ಆನೆ ಅಟ್ಟುವ ಕೆಲಸಕ್ಕೆ, ಹಳ್ಳ ತೋಡುವುದಕ್ಕೆ, ಮರ ಕಡಿಯುವುದಕ್ಕೆ ಹೋದ ಗುಂಪಿನಲ್ಲಿ. ಸುದ್ದಿ ಕಳಿಸಿದರೂ ಅವನು ಬಂದದ್ದು ಮಣ್ಣಾದ ಮಾರನೆಯ ದಿನ. ತಾಯಿಯನ್ನು ಹೂತ ಗುಳಿಯ ಮೇಲಿನ ಮುಳ್ಳು ಸರಿಮಾಡಿ ಬಂದು, ಕೈಕಾಲು ತೊಳೆದು, ಮುದ್ದೆ ಉಂಡ. ಯಾಕೆ ತಡವಾಯಿತೆಂದು ತಿಮ್ಮಯ್ಯ ಕೇಳಿದ್ದಕ್ಕೆ ದಾರಿಯಲ್ಲಿ ಹೊಳೆ ತುಂಬಿತ್ತು ಎಂದ. ಪುಷ್ಯಮಾಸದಲ್ಲಿ ಯಾವ ಹೊಳೆ ತುಂಬುತ್ತದೆ ಎಂದು ಯಾರೂ ಕೇಳಲಿಲ್ಲ.

ಸೋಮವಾರ ಭದ್ರಮ್ಮ ಪಾಕಕ್ಕೆ ಹಿಟ್ಟು ಕಲಸುತ್ತಿದ್ದಾಗ ಚೆಲುವಯ್ಯ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತ. ಹಗಲು ಹೊತ್ತು ಅಡುಗೆಮನೆಗೆ ಬರುವ ಗಂಡಸಲ್ಲ. ಹಿಟ್ಟು ನೋಡಿದ, ಸೌಟು ನೋಡಿದ, ಗೋಡೆಯ ಕೆಮ್ಮಣ್ಣು ಚೆನ್ನಾಗಿ ಬಂದಿದೆ ಎಂದ. ಆಮೇಲೆ ನೆಲದ ಮೇಲೆ ಬಿದ್ದಿದ್ದ ಒಂದು ಅಕ್ಕಿಕಾಳನ್ನು ಉಗುರಿನಿಂದ ಕೆರೆಯುತ್ತಾ ಕೇಳಿದ.

"ಅವ್ವ ನನ್ ಇಚಾರ ಏನಾರ ಅಂದ್ಲಾ?"

ಭದ್ರಮ್ಮ ಹಿಟ್ಟನ್ನು ಇನ್ನೊಮ್ಮೆ ತಿರುವಿದಳು. ಊರಿಗೆಲ್ಲ ಸೀರೆಯ ಬಣ್ಣ ಹೇಳಿದವಳಿಗೆ ಇಷ್ಟು ಹೇಳುವುದಕ್ಕೆ ಮಾತು ಹುಟ್ಟಲಿಲ್ಲ. ಕೊನೆಯ ದಿನ ಕೆಂಪಾಜಮ್ಮ ಕೇಳಿದ್ದು ಒಂದು ಚೂರು ಹೊಗೆಸೊಪ್ಪು, ಅಷ್ಟೇ. ಮಗನ ಹೆಸರು ಎತ್ತಿರಲಿಲ್ಲ, ಯಾರ ಹೆಸರನ್ನೂ ಎತ್ತಿರಲಿಲ್ಲ. ಹಬ್ಬದ ಮಾತೇ ಆಯಿತು, ಬೇರೆ ಮಾತಿಗೆ ಹೊತ್ತಾಗಲಿಲ್ಲ ಎಂದು ಅವಳು ತಡವರಿಸಿದಳು. ಅವನು, ಬುಡು, ಅವಳಿಗೆ ಏಸೊಂದು ಕೆಲಸವೋ ಎಂದು ಎದ್ದುಹೋದ. ಅವನ ಬೆನ್ನು ಬಾಗಿಲು ದಾಟುವುದನ್ನು ನೋಡುತ್ತಾ ಭದ್ರಮ್ಮನಿಗೆ ತನ್ನ ಮೇಲೆ ಅಸಹ್ಯವಾಯಿತು. ಒಂದು ಒಲೆಯ ಆಸೆಗೆ ಇವನ ತಾಯಿಯನ್ನು ಎಬ್ಬಿಸಿ ತಂದು, ಇವನಿಗೆ ಮಾತ್ರ ಏನೂ ಕೊಡದೆ ಕಳಿಸಿದೆನಲ್ಲ ಎನಿಸಿತು. ಎದ್ದು ಹೋಗಿ ನಿಜ ಹೇಳಿಬಿಡಲೇ ಎಂದುಕೊಂಡಳು, ಆದರೆ ಪಾಕ ಗಟ್ಟಿಯಾಗುತ್ತಿತ್ತು. ಈ ಸಲ ಅದು ಚೆನ್ನಾಗಿ ಬಂದಿತ್ತು.

ಭಾನುವಾರದ ಜ್ವರವನ್ನು ಮೆದೆಯ ಸಂದಿಯಲ್ಲಿ ಮುಗಿಸಿ ಬಂದವಳು ಅವತ್ತೇ ಒಂದು ತೀರ್ಮಾನ ಮಾಡಿದ್ದಳು. ಬುಧವಾರ ಮೈ ಬಿಡುವಾಗಿರುತ್ತದೆ, ಸರಿ. ಆದರೆ ಮಂಗಳವಾರ ಮಲಗಿದರೆ ಕಡುಬಿಗೆ ರುಬ್ಬುವವರು ಯಾರು? ಮಂಗಳವಾರದ್ದನ್ನೂ ತಡೆದುಬಿಟ್ಟರೆ ಆಯಿತಲ್ಲ. ಅರಿಸಿನದ ಡಬ್ಬಿಯ ತಳದಲ್ಲಿ ಅಡಗಿಸಿಟ್ಟಿದ್ದ ಗುಳಿಗೆಗಳನ್ನು ದವಾಖಾನೆಯವನು ಹೇಳಿದ್ದಕ್ಕಿಂತ ಎರಡರಷ್ಟು ನುಂಗಿದಳು, ಸೋಮವಾರ ಬೆಳಿಗ್ಗೆ, ಸೋಮವಾರ ಸಂಜೆ, ಮಂಗಳವಾರ ನಸುಕಿಗೆ. ಕಿವಿಯಲ್ಲಿ ಜೀರುಂಡೆ ಕೂಗತೊಡಗಿತು, ನೀರೂ ಕಹಿಯಾಯಿತು. ಮಂಗಳವಾರ ಬಿಸಿಲು ಒರಳಿನ ಅಂಚಿಗೆ ಬಂತು, ದಾಟಿತು, ಗೋಡೆ ಹತ್ತಿತು, ಜ್ವರ ಮಾತ್ರ ಬರಲಿಲ್ಲ. ಭದ್ರಮ್ಮ ರುಬ್ಬುಗುಂಡನ್ನು ತಿರುಗಿಸುತ್ತಾ ತನಗೆ ತಾನೇ ನಕ್ಕಳು. ತಾನು ಹೇಳಿದ ವಾರಕ್ಕೆ ಅತ್ತೆ ಬರುತ್ತಾಳೆ, ತಾನು ಬೇಡವೆಂದ ವಾರಕ್ಕೆ ಜ್ವರ ಬರುವುದಿಲ್ಲ. ದಿವಾನರ ಮಾತೂ ಇಷ್ಟು ನಡೆಯಲಾರದು ಎಂದುಕೊಂಡಳು. ಮಂಗಳವಾರ ಹೊರಗೆ ನಿಲ್ಲಿಸಿದ ಜ್ವರ ಎಲ್ಲಿಗೆ ಹೋಗಿ ಕೂತಿರಬಹುದೆಂದು ಮಾತ್ರ ಅವಳು ಯೋಚಿಸಲಿಲ್ಲ.

ಬುಧವಾರ ನಸುಕಿಗೇ ಮಿಂದು ಒದ್ದೆ ಸೀರೆಯಲ್ಲೇ ಒಲೆ ಹಚ್ಚಿದಳು. ಹದಿನಾರು ವರ್ಷ ದೂರದಿಂದ ನೋಡಿದ ಒಲೆ ಹತ್ತಿರದಿಂದ ಸಾಮಾನ್ಯವಾದ ಒಲೆಯೇ, ಹೊಗೆಯೂ ಅಷ್ಟೇ. ಕೋಳಿ ಸಾರು, ಮುದ್ದೆ, ಕಡುಬು, ವಡೆ, ಕಜ್ಜಾಯ. ರುಚಿ ನೋಡುವಂತಿಲ್ಲ ಎಂಬ ಕಟ್ಟುಪಾಡು ಅವಳಿಗೆ ಏನೂ ತೊಂದರೆ ಕೊಡಲಿಲ್ಲ, ನೋಡಿದ್ದರೂ ಎಲ್ಲವೂ ಗುಳಿಗೆಯ ರುಚಿಯೇ ಆಗಿರುತ್ತಿತ್ತು. ಪುಟ್ಟಸಿದ್ದಮ್ಮ ಪಕ್ಕದಲ್ಲಿ ಕೂತು ಕಜ್ಜಾಯ ತಟ್ಟಿದಳು, ಹದ ಅತ್ತೆಯದೇ ಎಂದು ಮನಸಾರೆ ಹೇಳಿದಳು. ನಡುಮನೆಯಲ್ಲಿ ಎಲೆ ಹಾಸಿ, ಕಳಶದ ಮುಂದೆ ಹಸಿರು ಸೀರೆ ಇಟ್ಟು, ಎಲೆ ಅಡಿಕೆ, ಹೊಗೆಸೊಪ್ಪು, ಒಂದು ಮಡಕೆ ಹೆಂಡ ಇಟ್ಟರು. ಚೆಲುವಯ್ಯ ಧೂಪ ಹಾಕಿದ. ಬಡಿಸುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಕೊನೆಯ ಕಜ್ಜಾಯವನ್ನು ಎಲೆಯ ಮೇಲೆ ಇಡಲು ಬಗ್ಗಿದಾಗ ಭದ್ರಮ್ಮನಿಗೆ ಬೆನ್ನುಹುರಿಯ ಉದ್ದಕ್ಕೂ ಯಾರೋ ಒದ್ದೆ ಬೆರಳು ಎಳೆದ ಹಾಗಾಯಿತು. ಅವಳಿಗೆ ಕೂಡಲೇ ಗೊತ್ತಾಯಿತು. ಇವತ್ತಲ್ಲ ಎಂದು ಅಂದುಕೊಂಡಳು, ನಿನ್ನೆಯದು ನಿನ್ನೆಗೇ ಆಯಿತಲ್ಲ ಎಂದುಕೊಂಡಳು. ಹಿತ್ತಿಲ ಬಾಗಿಲಿನ ಕಡೆಗೆ, ಮೆದೆಯ ಕಡೆಗೆ ಒಂದು ಹೆಜ್ಜೆ ಇಟ್ಟಳು. ಅಷ್ಟೇ ಆಯಿತು.

ಎಲೆಗಳ ಪಕ್ಕದಲ್ಲಿ ಕುಸಿದು ಕೂತು ಅವಳು ನಡುಗಿದಳು. ಎರಡು ದಿನದ್ದು ಸೇರಿ ಬಂದ ಹಾಗಿತ್ತು ಆ ನಡುಕ. ಬಳೆಗಳು ಒಂದಕ್ಕೊಂದು ಬಡಿದವು, ಜಡೆ ಬಿಚ್ಚಿಹೋಯಿತು, ಹಲ್ಲಿನ ಸದ್ದು ಮನೆಗೆಲ್ಲ ಕೇಳಿತು. ಜ್ವರ ಬಿಟ್ಟುಹೋದ ಹೆಂಗಸು ಅವಳು, ಎರಡು ತಿಂಗಳಿನಿಂದ ಗಟ್ಟಿಮುಟ್ಟಾಗಿ ಹುಲ್ಲು ಹೊತ್ತವಳು. ಬುಧವಾರ ಬರುತ್ತೇನೆಂದು ಹೇಳಿ ಕಳಿಸಿದವಳ ಎಡೆಯ ಮುಂದೆ, ಧೂಪದ ಹೊಗೆಯಲ್ಲಿ, ಹೀಗೆ ನಡುಗಿದರೆ ಬೇರೆ ಏನೆಂದುಕೊಳ್ಳುತ್ತಾರೆ? ಮೊದಲು ಹೇಳಿದವಳು ಪುಟ್ಟಸಿದ್ದಮ್ಮ.

"ಅತ್ತೆ ಕಣ್ರಪ್ಪಾ. ಅತ್ತೆ ಮೈಮ್ಯಾಲೆ ಬಂದವ್ರೆ."

ಎಲ್ಲರೂ ಕೈಮುಗಿದರು. ತಿಮ್ಮಯ್ಯ ನೆಲಕ್ಕೆ ಹಣೆ ಇಟ್ಟ. ಮಂಗಳಮ್ಮನಿಗೆ ಹೇಗೆ ಸುದ್ದಿ ಹೋಯಿತೋ, ಬಾಗಿಲಲ್ಲಿ ಅವಳೂ ಇನ್ನು ನಾಲ್ಕು ಜನವೂ ನಿಂತಿದ್ದರು. ಯಾರೋ ಬೇವಿನ ಸೊಪ್ಪು ತಂದರು, ಯಾರೋ ಒಂದು ಬಿಂದಿಗೆ ತಣ್ಣೀರನ್ನು ಅವಳ ನೆತ್ತಿಯ ಮೇಲೆ ಸುರಿದೇಬಿಟ್ಟರು. ಹದಿನಾರು ವರ್ಷದಲ್ಲಿ ಈ ಜ್ವರಕ್ಕೆ ಒಬ್ಬರೂ ಎದ್ದು ನಿಂತಿರಲಿಲ್ಲ. ಈಗ ಅದೇ ಜ್ವರಕ್ಕೆ ಕರ್ಪೂರ ಬೆಳಗುತ್ತಿದ್ದರು, ಹೆಸರು ಮಾತ್ರ ಅತ್ತೆಯದು. ನಡುಕದ ನಡುವೆಯೂ ಭದ್ರಮ್ಮನಿಗೆ ನಗು ಒತ್ತಿ ಬಂತು, ಅದು ಗಂಟಲಲ್ಲಿ ಸಿಕ್ಕಿ ಹೂಂಕಾರದ ಹಾಗೆ ಹೊರಗೆ ಬಂದು ಜನ ಇನ್ನಷ್ಟು ಹಿಂದೆ ಸರಿದರು. ಜ್ವರ ಕಣ್ರೋ, ಒಂದು ಕಂಬಳಿ ಹೊದಿಸಿ ಎಂದು ಹೇಳಬೇಕು. ಹೇಳಿದರೆ ಒಲೆಯೂ ಹೋಯಿತು, ಕನಸೂ ಹೋಯಿತು, ಎಡೆಯ ಅಷ್ಟೂ ಅಡುಗೆ ಮೈಲಿಗೆಯಾಗಿ ತಿಪ್ಪೆಗೆ ಹೋಗುತ್ತದೆ. ಹೋದರೆ ಹೋಗಲಿ, ಚಳಿ ತಡೆಯಲಾರೆ ಎಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಚೆಲುವಯ್ಯ ಮುಂದೆ ಬಂದು ಅವಳ ಪಾದ ಹಿಡಿದುಕೊಂಡ.

ಹಿಡಿದವನ ಕೈ ಒಂದು ಗಳಿಗೆ ಹಾಗೇ ನಿಂತಿತು. ಅವನೂ ಕಾಕನಕೋಟೆಯಲ್ಲಿ ಆ ಜ್ವರದಲ್ಲಿ ಬಿದ್ದೆದ್ದವನು, ಆ ನಡುಕ, ಹಿಮದಂಥ ಆ ಪಾದ, ನೀಲಿಗಟ್ಟಿದ ಆ ಉಗುರು ಅವನಿಗೆ ಗೊತ್ತಿಲ್ಲದ್ದಲ್ಲ. ಅವನು ತಲೆಯೆತ್ತಿ ಅವಳ ಕಣ್ಣನ್ನೇ ನೋಡಿದ. ಗೊತ್ತಾಯಿತು ಇವನಿಗೆ ಎಂದು ಭದ್ರಮ್ಮ ಕಣ್ಣು ತಗ್ಗಿಸಿದಳು. ಈಗ ಎದ್ದು ನಿಂತು ಜ್ವರ ಎನ್ನುತ್ತಾನೆ, ಬೀದಿಯವರೆಲ್ಲ ನಗುತ್ತಾರೆ ಎಂದು ಕಾದಳು. ಅವನು ಅನ್ನಲಿಲ್ಲ. ಪಾದವನ್ನು ಎರಡೂ ಅಂಗೈಗಳ ನಡುವೆ ಒತ್ತಿಕೊಂಡು, ಎಲ್ಲರೆದುರು ಮಾತಾಡಿದ.

"ನೀ ಸಾಯ್ತಾ ಇದ್ದೀಯ ಅಂತ ಸುದ್ದಿ ಬತ್ತು ಕಣವ್ವ. ಅವತ್ತೇ ಹೊರಡ್‌ಬೌದಿತ್ತು. ಮಾರ್ನೆ ದಿನ ಆನೆ ಅಟ್ತಾರೆ ಅಂದ್ರು, ನೋಡ್ಕಂಡ್ ಹೋಗಣ ಅಂತ ನಿಂತ್ಬುಟ್ಟೆ. ಆನೆ ನೋಡ್ತಾ ನಿಂತ್ಬುಟ್ಟೆ ಕಣವ್ವ."

ತಿಮ್ಮಯ್ಯ ತಲೆಯೆತ್ತಿ ಅಣ್ಣನ ಬೆನ್ನನ್ನೇ ನೋಡುತ್ತಿದ್ದ. ಭದ್ರಮ್ಮನಿಗೆ ಚಳಿ ಮರೆತುಹೋಯಿತು. ಒಂಬತ್ತು ತಿಂಗಳು ಇದನ್ನು ಎದೆಯಲ್ಲಿಟ್ಟುಕೊಂಡು ಉತ್ತವನು, ಬಿತ್ತಿದವನು, ರಾತ್ರಿ ಅವಳ ಪಕ್ಕದಲ್ಲಿ ಮಲಗಿದವನು. ಅವಳ ಮೆದೆಯ ಸಂದಿಯ ಹಾಗೆ ಇವನಿಗೂ ಒಂದು ಸಂದಿ ಇತ್ತು, ಅಲ್ಲಿ ಒಬ್ಬನೇ ನಡುಗುತ್ತಿದ್ದ, ಅವಳಿಗೆ ತಿಳಿಯಲೇ ಇಲ್ಲ. ಅವಳಿಗೆ ಅಳು ಬಂತು. ಮದುವೆಯಾದಾಗಿನಿಂದ ಗಂಡನ ಹೆಸರನ್ನು ಬಾಯಲ್ಲಿ ಆಡದಿದ್ದವಳು ಈಗ ತಾಯಿ ಮಗನನ್ನು ಕರೆಯುವಂತೆ ಆ ಹೆಸರು ಹಿಡಿದೇ ಕರೆದಳು.

"ಲೋ ಚೆಲುವ... ಆನೆ ನೋಡಿದ್ರೆ ಏನಾಯ್ತು ಬುಡ್ಲಾ. ನಾನಂತೂ ಒಂದ್ ಸಲನೂ ನೋಡ್ನಿಲ್ಲ. ನನಗೇನ್ ಕ್ವಾಪ ಇಲ್ಲ ಕಣ್ ಮಗ."

ಅವನು ಅವಳ ಪಾದದ ಮೇಲೆ ಹಣೆ ಇಟ್ಟು ಅತ್ತ. ಪುಟ್ಟಸಿದ್ದಮ್ಮ ಅತ್ತಳು, ಮಂಗಳಮ್ಮ ಅತ್ತಳು. ಕೆಂಪಾಜಮ್ಮ ಹಾಗೆ ಎಂದೂ ಮಾತಾಡಿದವಳಲ್ಲವೆಂದು ಒಬ್ಬರಿಗೂ ನೆನಪಾಗಲಿಲ್ಲ. ಆಮೇಲೆ ಚೆಲುವಯ್ಯ ಎದ್ದು ಮುಖ ಒರೆಸಿಕೊಂಡು, ಹಿರಿಯರು ಉಣ್ಣುವ ಹೊತ್ತು, ಎಲ್ಲರೂ ಹೊರಗೆ ನಡೆಯಿರಿ ಎಂದ. ಮೈಮೇಲೆ ಬಂದವಳನ್ನು ಒಬ್ಬಳನ್ನೇ ಬಿಡಬಾರದು, ತಾನು ಇರುತ್ತೇನೆ ಎಂದ. ಅದು ಸರಿಯೆಂದು ಎಲ್ಲರಿಗೂ ಕಂಡಿತು. ಅವರು ಜಗಲಿಗೆ ಹೋದರು, ಅವನು ಬಾಗಿಲು ಮುಚ್ಚಿದ.

ಒಳಗೆ ಕತ್ತಲಾಯಿತು, ಕಳಶದ ಮುಂದಿನ ದೀಪ ಒಂದೇ. ಅವನು ಒದ್ದೆ ಸೀರೆ ಕಳಚಿಸಿ, ಸತ್ತವಳಿಗೆಂದು ಇಟ್ಟ ಹಸಿರು ಸೀರೆಯನ್ನು ಎತ್ತಿ ಅವಳಿಗೆ ಸುತ್ತಿದ, ಅದರ ಮೇಲೆ ತನ್ನ ಕಂಬಳಿ, ಅದರ ಮೇಲೆ ಬತ್ತದ ಖಾಲಿ ಚೀಲ. ಯಾವಾಗಿನಿಂದ ಎಂದು ಪಿಸುದನಿಯಲ್ಲಿ ಕೇಳಿದ. ಬಿಟ್ಟೇ ಇರಲಿಲ್ಲ ಎಂದಳು. ಎಮ್ಮೆ ಯಾಕೆ ಅಷ್ಟು ಕೊಬ್ಬಿದೆ ಎಂದು ಈಗ ಅವನಿಗೆ ಅರ್ಥವಾದಂತಿತ್ತು. ಅವನು ಅವಳ ಕಾಲನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕತೊಡಗಿದ. ಎಲೆಗಳ ಮೇಲೆ ಅಡುಗೆ ಆರುತ್ತಿತ್ತು, ಹೊರಗೆ ಜಗಲಿಯಲ್ಲಿ ಎಲ್ಲರೂ ಪಿಸುಗುಡುತ್ತಿದ್ದರು. ಇನ್ನು ಮೇಲೆ ಈ ಮನೆಯಲ್ಲಿ ತನಗೆ ಜ್ವರವೆಂಬುದು ಬರುವಂತೆಯೇ ಇಲ್ಲ, ಬಂದಾಗಲೆಲ್ಲ ಅತ್ತೆಯೇ ಎಂದು ಭದ್ರಮ್ಮನಿಗೆ ಹೊಳೆದು, ಅಷ್ಟು ನಡುಕದಲ್ಲೂ ತನ್ನ ಜಾಣತನಕ್ಕೆ ಕೈಮುಗಿಯಬೇಕೆನಿಸಿತು. ನೀವಾದರೂ ಅವರಿಗೆ ನಿಜ ಹೇಳಿ ಎಂದು ಅವನಿಗೆ ಹೇಳಲು ತಿರುಗಿದಳು. ಅವನು ತಲೆ ತಗ್ಗಿಸಿ ಅವಳ ಹಿಮ್ಮಡಿಯನ್ನೇ ನೋಡುತ್ತಾ ಕೂತಿದ್ದ.

"ಭದ್ರಿ," ಅಂದ. "ಕ್ವಾಪ ಇಲ್ಲ ಅಂತ ಆಗ್ಲೆ ಅಂದ್ಯಲ್ಲ. ಅದ್ನ ಇನ್ನೊಂದ್ ಸಲ ಅನ್ನು."

ಅವಳು ಹಲ್ಲು ಕಚ್ಚಿ ನಡುಕವನ್ನು ಹಿಡಿದು, ತನ್ನದೇ ದನಿಯಲ್ಲಿ, ಅವನ ಹೆಸರು ಹಿಡಿದು ಇನ್ನೊಂದು ಸಲ ಹೇಳಿದಳು.